ಹೆಜ್ಜೆ ಎಣಿಕೆಯ ಇತಿಹಾಸ

ಹೆಜ್ಜೆ ಎಣಿಸುವ ಸಾಧನ ಹುಟ್ಟಿದ್ದು ಮೈ ಕರಗಿಸಲಿಕ್ಕಲ್ಲ, ದಾರಿ ಅಳೆಯಲಿಕ್ಕೆ. ನಡೆದ ದೂರವನ್ನು ಹಲ್ಲುಚಕ್ರಗಳಿಂದ ಲೆಕ್ಕ ಹಾಕುವ ಯಂತ್ರದ ಚಿತ್ರ ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲೇ ಇದೆ. 18ನೇ ಶತಮಾನದ ಯುರೋಪಿನ ಗಡಿಯಾರ ಕುಶಲಿಗಳು ಜೇಬಿನಲ್ಲಿಡಬಹುದಾದ ಪೆಡೋಮೀಟರ್‌ಗಳನ್ನು ಮಾಡಿದರು. ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ 1788ರಲ್ಲಿ ಅಂಥದೊಂದನ್ನು ತನ್ನ ಗೆಳೆಯ ಜೇಮ್ಸ್ ಮ್ಯಾಡಿಸನ್‌ಗೆ ಕಳಿಸಿದ್ದ.

ಭಾರತದಲ್ಲಿ ಇದೇ ಕೆಲಸ ಯಂತ್ರವಿಲ್ಲದೆ ನಡೆಯಿತು. ವಿದೇಶಿಯರಿಗೆ ಪ್ರವೇಶವಿಲ್ಲದ ಟಿಬೆಟ್ಟಿನ ನಕ್ಷೆ ತಯಾರಿಸಲು ಬ್ರಿಟಿಷ್ ಸರ್ವೆ ಇಲಾಖೆ ಕುಮಾವೂನಿನ ನೈನ್ ಸಿಂಗ್ ರಾವತ್‌ನಂಥವರಿಗೆ ಒಂದೇ ಅಳತೆಯ ಹೆಜ್ಜೆ ಹಾಕುವ ತರಬೇತಿ ಕೊಟ್ಟಿತು. ಆತನ ಹೆಜ್ಜೆ ಸುಮಾರು 33 ಅಂಗುಲ. ಬೌದ್ಧ ಜಪಮಾಲೆಯಲ್ಲಿರುವ 108ರ ಬದಲು, ಎಣಿಕೆಗೆಂದು ಅವನು ಹಿಡಿದ ಮಾಲೆಯಲ್ಲಿ 100 ಮಣಿಗಳಿದ್ದವು. ನೂರು ಹೆಜ್ಜೆಗೊಂದು ಮಣಿ ಸರಿಸಿದರೆ, ಮಾಲೆ ಒಂದು ಸುತ್ತು ಮುಗಿಯುವಾಗ 10,000 ಹೆಜ್ಜೆಯಾಗುತ್ತಿತ್ತು. ಹೀಗೆ ಎಣಿಸುತ್ತಲೇ ಆತ 1866ರ ಆರಂಭದಲ್ಲಿ ಲಾಸಾ ತಲುಪಿದ.

ನೂರು ವರ್ಷಗಳ ನಂತರ ಇದೇ ಸಂಖ್ಯೆ ಬೇರೆ ಕಾರಣಕ್ಕೆ ಹೆಸರಾಯಿತು. 1964ರ ಟೋಕಿಯೊ ಒಲಿಂಪಿಕ್ಸ್ ಜಪಾನೀಯರಲ್ಲಿ ದೇಹಾರೋಗ್ಯದ ಆಸಕ್ತಿ ಹೆಚ್ಚಿಸಿತ್ತು. 1965ರಲ್ಲಿ ಯಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ‘ಮಾನ್‌ಪೊ-ಕೇ’, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ವನ್ನು ಮಾರುಕಟ್ಟೆಗೆ ತಂದಿತು. ನಡಿಗೆಯ ಸಂಘಗಳು ಅದನ್ನು ಮೆಚ್ಚಿಕೊಂಡವು. ಸಂಖ್ಯೆ ನೆನಪಿಡಲು ಸುಲಭವಾಗಿತ್ತು. ಆದರೆ ಅದು ವೈದ್ಯಕೀಯ ಪ್ರಯೋಗದಿಂದ ಬಂದದ್ದಲ್ಲ. ಯೋಶಿರೊ ಹತಾನೊ ಮೊದಲಾದ ಸಂಶೋಧಕರು ನಡಿಗೆಗೆ ಖರ್ಚಾಗುವ ಶಕ್ತಿಯ ಲೆಕ್ಕದಿಂದ ಅದಕ್ಕೆ ಬೆಂಬಲ ಕೊಟ್ಟರು.

ಸೊಂಟದ ಮಾಪಕದೊಳಗೆ ಇದ್ದದ್ದು ಸ್ಪ್ರಿಂಗಿಗೆ ಕಟ್ಟಿದ ಸಣ್ಣ ಸನ್ನೆಕೋಲು. ಪ್ರತಿ ಹೆಜ್ಜೆಯ ಕುಲುಕಿಗೆ ಅದು ಒಮ್ಮೆ ಬಡಿಯುತ್ತಿತ್ತು. ಬೊಜ್ಜಿನ ಹೊಟ್ಟೆಯ ಮೇಲೆ ಮಾಪಕ ಓರೆಯಾದರೆ ಎಣಿಕೆ ತಪ್ಪುತ್ತಿತ್ತು. ಚಲನೆಯ ವೇಗವ್ಯತ್ಯಾಸ ಅಳೆಯುವ ಆಕ್ಸೆಲೆರೋಮೀಟರ್ ಚಿಪ್ ಬಂದ ಮೇಲೆ ಈ ದೋಷ ಬಹಳಷ್ಟು ಕಡಿಮೆಯಾಯಿತು. ಮಾಪನ ಮಣಿಕಟ್ಟಿಗೂ ಬಂತು: ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ಎದೆಪಟ್ಟಿಯಿಂದ ಮಣಿಕಟ್ಟಿಗೆ ತಂತಿಯಿಲ್ಲದೆ ಹೃದಯಬಡಿತ ತಿಳಿಸುವ ಸಾಧನ ತಂದಿತು. 2007ರಲ್ಲಿ ಜೇಮ್ಸ್ ಪಾರ್ಕ್ ಮತ್ತು ಎರಿಕ್ ಫ್ರೀಡ್‌ಮನ್ ಫಿಟ್‌ಬಿಟ್ ಕಂಪನಿ ಸ್ಥಾಪಿಸಿದರು. 2009ರಲ್ಲಿ ಹೆಜ್ಜೆ ಎಣಿಸುವ ಅದರ ಮೊದಲ ಸಾಧನ ಹೊರಬಂತು. 2015ರಲ್ಲಿ ಆ್ಯಪಲ್ ವಾಚ್ ಬಂತು. ಅಷ್ಟರಲ್ಲಿ ಸ್ಮಾರ್ಟ್‌ಫೋನ್ ತಾನೇ ಹೆಜ್ಜೆ ಎಣಿಸತೊಡಗಿತ್ತು.

ಭಾರತದಲ್ಲಿ ಈ ಬೆಳವಣಿಗೆಗೆ ಬೆಂಗಳೂರು ಒಂದು ನೆಲೆಯಾಯಿತು. ಊಟದ ಕ್ಯಾಲೊರಿ ಮತ್ತು ವ್ಯಾಯಾಮವನ್ನು ಒಟ್ಟಿಗೆ ದಾಖಲಿಸುವ ಹೆಲ್ತಿಫೈಮಿ ಸೇವೆ 2012ರಲ್ಲಿ ಇಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಆ್ಯಪ್ 2021ರ ಆಗಸ್ಟ್ 29ರಂದು ಬಿಡುಗಡೆಯಾಯಿತು.

ಬೊಜ್ಜಿನ ಚಿಕಿತ್ಸೆಯಲ್ಲಿ ಇವುಗಳ ಫಲವೇನೆಂಬ ಪರೀಕ್ಷೆ ತಡವಾಗಿ ನಡೆಯಿತು. 2007ರಲ್ಲಿ 26 ಅಧ್ಯಯನಗಳನ್ನು ಒಟ್ಟುಗೂಡಿಸಿದ ಅಮೆರಿಕದ ವಿಮರ್ಶೆಯೊಂದು, ಪೆಡೋಮೀಟರ್ ಕಟ್ಟಿದವರು ದಿನಕ್ಕೆ 2,000ಕ್ಕೂ ಹೆಚ್ಚು ಹೆಜ್ಜೆ ಅಧಿಕ ನಡೆದರೆಂದು ಕಂಡುಕೊಂಡಿತು. ಮುಂದೊಂದು ಗುರಿ ಇಟ್ಟುಕೊಂಡವರಲ್ಲೇ ಈ ಲಾಭ ಎದ್ದು ಕಂಡಿತು. ಆದರೆ 2016ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗದ ಫಲ ತಿರುಗುಮುರುಗಾಗಿತ್ತು. ಸುಮಾರು 470 ಯುವಜನರಲ್ಲಿ, ಎರಡು ವರ್ಷಗಳ ಕೊನೆಗೆ, ಸಾಧನ ಧರಿಸಿದವರು ಸರಾಸರಿ 3.5 ಕಿಲೋ ಇಳಿದರೆ, ಧರಿಸದೆ ತೂಕ ಇಳಿಸುವ ಸಾಮಾನ್ಯ ಕ್ರಮವನ್ನೇ ಪಾಲಿಸಿದವರು 5.9 ಕಿಲೋ ಇಳಿದಿದ್ದರು. ಹತ್ತು ಸಾವಿರವೇ ಬೇಕೆಂಬ ಮಾತೂ ಪ್ರಶ್ನೆಗೊಳಗಾಯಿತು: 2019ರಲ್ಲಿ ಸಂಶೋಧಕಿ ಐ-ಮಿನ್ ಲೀ ಅವರ ತಂಡ ವಯಸ್ಸಾದ ಮಹಿಳೆಯರನ್ನು ಗಮನಿಸಿ, ದಿನಕ್ಕೆ 4,400 ಹೆಜ್ಜೆಗೇ ಸಾವಿನ ಅಪಾಯ ತಗ್ಗುತ್ತದೆ, 7,500ರ ಆಚೆ ಲಾಭ ಹೆಚ್ಚುವುದಿಲ್ಲ ಎಂದು ವರದಿ ಮಾಡಿತು.

ಹೆಜ್ಜೆ ಎಣಿಸಿದ ಮಾತ್ರಕ್ಕೆ ತೂಕ ಇಳಿಯದಿರುವ ಕಾರಣ ಲೆಕ್ಕದಲ್ಲೇ ಇದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಅಡಗಿದೆ. 10,000 ಹೆಜ್ಜೆಗೆ ಖರ್ಚಾಗುವುದು ಬಹುತೇಕರಲ್ಲಿ 300ರಿಂದ 500. ನಡೆದೆನೆಂಬ ಸಮಾಧಾನದಲ್ಲಿ ಒಂದು ತಟ್ಟೆ ತಿಂಡಿ ಹೆಚ್ಚು ತಿಂದರೆ ಗಳಿಕೆ ಅಲ್ಲಿಗೇ ಮುಗಿಯಿತು. ಹಾಗಾಗಿ ಮಣಿಕಟ್ಟಿನ ಸಾಧನ ನಡಿಗೆಗೆ ಒಳ್ಳೆಯ ಪ್ರೇರಣೆ, ಅಷ್ಟೇ. ಬೊಜ್ಜು ಇಳಿಯಬೇಕಾದರೆ ಅದರ ಜೊತೆಗೆ ಊಟದ ಹಿಡಿತ, ಸಾಧ್ಯವಾದ ಗುರಿ ಮತ್ತು ತಜ್ಞರ ಸಲಹೆ ಬೇಕೇ ಬೇಕು.