ನಾಲ್ಕು ಪುಟಗಳ ತೂಕ: ಆಲ್ಫ್ರೆಡ್ ನುಡ್ಸನ್ ಅವರ 1971ರ ಲೇಖನ ಕುರಿತು ಒಂದು ಟಿಪ್ಪಣಿ

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಅವರ ಲೇಖನವೊಂದು ಪ್ರಕಟವಾಯಿತು. ಇರುವುದು ಪುಟ 820ರಿಂದ 823ರವರೆಗೆ, ಲೇಖಕರು ಒಬ್ಬರೇ. ಪ್ರಯೋಗಾಲಯದ ಕೆಲಸ ಅದರಲ್ಲಿ ಇಲ್ಲವೇ ಇಲ್ಲ. ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಆಸ್ಪತ್ರೆಗೆ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರಿಗಾಗಿ ಬಂದಿದ್ದ 48 ಮಕ್ಕಳ ದಾಖಲೆಗಳೇ ಅದರ ಬಂಡವಾಳ.

23 ಮಕ್ಕಳಿಗೆ ಎರಡೂ ಕಣ್ಣುಗಳಲ್ಲಿ ಗೆಡ್ಡೆ, 25 ಮಕ್ಕಳಿಗೆ ಒಂದೇ ಕಣ್ಣಿನಲ್ಲಿ. ರೋಗ ಪತ್ತೆಯಾದಾಗಿನ ವಯಸ್ಸನ್ನು ನುಡ್ಸನ್ ತಿಂಗಳುಗಳಲ್ಲಿ ಗುರುತಿಸಿ, ಆಯಾ ವಯಸ್ಸಿಗೆ ಇನ್ನೂ ಪತ್ತೆಯಾಗದೆ ಉಳಿದವರ ಪಾಲನ್ನು ಲಾಗರಿದಮ್ ನಕ್ಷೆಯಲ್ಲಿ ಇಟ್ಟು ನೋಡಿದರು. ಎರಡೂ ಕಣ್ಣಿನವರದು ನೇರ ಗೆರೆಯಾಗಿ ಇಳಿಯಿತು. ಒಂದೇ ಆಕಸ್ಮಿಕ ಘಟನೆ ಸಾಕು ಎಂದಾದಾಗ ಬರುವ ಆಕಾರ ಅದು. ಒಂದು ಕಣ್ಣಿನವರದು ಮೊದಲು ನಿಧಾನವಾಗಿ, ಆಮೇಲೆ ಬಾಗಿ ಇಳಿಯಿತು. ಅಲ್ಲಿ ಎರಡು ಘಟನೆಗಳು ಬೇಕು. ಹಾಗಾದರೆ ಎರಡೂ ಕಣ್ಣಿನಲ್ಲಿ ಗೆಡ್ಡೆಯಾಗುವ ಆನುವಂಶಿಕ ರೋಗದ ಮಗು ಆ ಘಟನೆಗಳಲ್ಲಿ ಮೊದಲನೆಯದನ್ನು, ಅಂದರೆ ಮೊದಲ ಪೆಟ್ಟನ್ನು, ಹುಟ್ಟುವಾಗಲೇ ಹೊತ್ತು ತಂದಿರುತ್ತದೆ.

ಲೇಖನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಇದರ ಮುಂದಿನ ಲೆಕ್ಕ. ದೋಷವನ್ನು ಹೊತ್ತ ಮಗುವಿನಲ್ಲಿ ಸರಾಸರಿ ಮೂರು ಗೆಡ್ಡೆಗಳು ಏಳುತ್ತವೆ ಎಂದಿಟ್ಟುಕೊಂಡರೆ, ಪ್ವಾಸಾನ್ ಹಂಚಿಕೆಯ ಪ್ರಕಾರ ಶೇ. 5ರಷ್ಟು ಮಂದಿಗೆ ಒಂದೂ ಗೆಡ್ಡೆ ಬಾರದು. ತಾತನಿಗೂ ಮೊಮ್ಮಗುವಿಗೂ ರೋಗವಿದ್ದು ನಡುವಿನ ತಂದೆಗೆ ಏನೂ ಆಗದಿರುವ ಕುಟುಂಬಗಳಿಗೆ ಇದರಿಂದ ವಿವರಣೆ ಸಿಕ್ಕಿತು.

ಕ್ಯಾನ್ಸರಿಗೆ ಹಲವು ಹಂತಗಳಿವೆ ಎಂಬುದು ಆಗಲೇ ಹೊಸ ಮಾತಾಗಿರಲಿಲ್ಲ. ನಾರ್ಡ್ಲಿಂಗ್ 1953ರಲ್ಲಿ, ಆರ್ಮಿಟೇಜ್ ಮತ್ತು ಡಾಲ್ 1954ರಲ್ಲಿ ಅದನ್ನು ಸಾವಿನ ಅಂಕಿ-ಅಂಶಗಳಿಂದಲೇ ವಾದಿಸಿದ್ದರು. ಆದರೆ ಅವರೆದುರು ಇದ್ದದ್ದು ವಯಸ್ಕರ ಕ್ಯಾನ್ಸರುಗಳು. ಅವುಗಳಲ್ಲಿ ಆರೇಳು ಹಂತಗಳು ಒಂದರಲ್ಲೊಂದು ಬೆರೆತಿರುತ್ತವೆ. ಹಂತಗಳು ಎಣಿಕೆಗೆ ಸಿಗುವಂಥ ರೋಗವನ್ನು ಆರಿಸಿಕೊಂಡದ್ದರಲ್ಲಿದೆ ನುಡ್ಸನ್ ಅವರ ಜಾಣ್ಮೆ. ಅವರ ಹೆಸರಿಗೆ ಸಲ್ಲಬೇಕಾದ್ದು, ಸಲ್ಲಬಾರದ್ದು ಎರಡನ್ನೂ ಹೇಳುವುದು ನ್ಯಾಯ. ಎರಡು ಪೆಟ್ಟುಗಳೂ ಒಂದೇ ಜೀನಿನ ಎರಡು ಪ್ರತಿಗಳಿಗೆ ಬೀಳುತ್ತವೆ ಎಂಬುದನ್ನು ಸ್ಪಷ್ಟವಾಗಿ ಮುಂದಿಟ್ಟದ್ದು 1973ರ ಡೇವಿಡ್ ಕಮಿಂಗ್ಸ್ ಲೇಖನ. 1983ರಲ್ಲಿ ಕ್ಯಾವನೀ ಮತ್ತು ಸಂಗಡಿಗರು ಗೆಡ್ಡೆಯ ಕೋಶಗಳನ್ನೂ ಅದೇ ಮಕ್ಕಳ ಆರೋಗ್ಯವಂತ ಕೋಶಗಳನ್ನೂ ಹೋಲಿಸಿ, 13ನೇ ಕ್ರೋಮೋಸೋಮಿನಲ್ಲಿ ಒಳ್ಳೆಯ ಪ್ರತಿ ಕಳೆದುಹೋಗಿರುವುದನ್ನು ತೋರಿಸಿದರು. 1986ರಲ್ಲಿ ಜೀನ್ ಕೈಗೆ ಸಿಕ್ಕಿತು.

ಈಗ ಇಂಥ ಲೇಖನದ ಪ್ರಭಾವವನ್ನು ಅಳೆಯುವ ಪ್ರಶ್ನೆ. ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಪ್ರಕಾರ, ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಲೇಖನಗಳಿದ್ದವರಿಗೆ 20 ಅಂಕ. ಸಾವಿರಾರು ಉಲ್ಲೇಖ ಗಳಿಸಿದ ಲೇಖನವೂ ಈ ಲೆಕ್ಕದಲ್ಲಿ ಒಂದೇ ಲೇಖನ. ಉಲ್ಲೇಖಗಳನ್ನು ನೇರವಾಗಿ ಕೂಡಿದರೂ ತೊಂದರೆ ತಪ್ಪದು: ಒಂದು ವಿಚಾರ ಎಲ್ಲರ ತಿಳಿವಳಿಕೆಯಲ್ಲಿ ಬೆರೆತಮೇಲೆ ಮೂಲವನ್ನು ಉಲ್ಲೇಖಿಸುವುದು ನಿಂತುಹೋಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಬಹಳ ಹಿಂದೆಯೇ ಗುರುತಿಸಿದ್ದರು. ಆಯ್ಕೆ ಸಮಿತಿಗಳು ಅರ್ಜಿಯಲ್ಲಿನ ಅಂಕೆಯನ್ನಷ್ಟೇ ನೋಡಿ ಲೇಖನ ಓದದೆ ಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ. ನುಡ್ಸನ್ ಅವರ ಪ್ರಭಾವ ಕಾಣಬೇಕಾದರೆ ಕೇಳಬೇಕಾದ್ದು ಬೇರೆ: ಈ ಲೇಖನ ಯಾವ ಊಹೆಯನ್ನು ಪರೀಕ್ಷೆಗೆ ಒಡ್ಡಿತು? ಅದನ್ನು ಪರೀಕ್ಷಿಸಲು ಎಷ್ಟು ಮಂದಿ, ಯಾವ ಹೊಸ ವಿಧಾನಗಳೊಂದಿಗೆ ಹೊರಟರು? ರೋಗಿಗೆ ಏನು ದಕ್ಕಿತು? ಕೊನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ಇದೆ. ಕುಟುಂಬದಲ್ಲಿನ ದೋಷ ಯಾವುದೆಂದು ಗುರುತಾದರೆ, ಅದು ಬಂದಿಲ್ಲದ ತಮ್ಮ-ತಂಗಿಯರು ಅರಿವಳಿಕೆ ಕೊಟ್ಟು ಮತ್ತೆ ಮತ್ತೆ ಮಾಡುವ ಕಣ್ಣಿನ ತಪಾಸಣೆಯಿಂದ ಪಾರಾಗುತ್ತಾರೆ.

ಎರಡು ಪೆಟ್ಟುಗಳ ನಿಯಮಕ್ಕೆ ಅಪವಾದ ಸಿಕ್ಕಿದ ಬಗೆಯೂ ಗಮನಾರ್ಹ. ಒಂದು ಕಣ್ಣಿನ ಗೆಡ್ಡೆಗಳಲ್ಲಿ ಶೇ. 2ಕ್ಕಿಂತ ಕಡಿಮೆ ಪ್ರಕರಣಗಳಲ್ಲಿ ರೆಟಿನೊಬ್ಲಾಸ್ಟೊಮಾ ಜೀನಿನ ಎರಡೂ ಪ್ರತಿಗಳು ಸರಿಯಾಗಿಯೇ ಇದ್ದು, ಎಂವೈಸಿಎನ್ ಎಂಬ ಬೇರೊಂದು ಜೀನ್ ಹಲವು ಪಟ್ಟು ಹೆಚ್ಚಿರುತ್ತದೆ ಎಂದು 2013ರಲ್ಲಿ ವರದಿಯಾಯಿತು. ಆ ಮಕ್ಕಳಲ್ಲಿ ರೋಗ ಪತ್ತೆಯಾದ ಮಧ್ಯಾಂಕ ವಯಸ್ಸು ನಾಲ್ಕೂವರೆ ತಿಂಗಳು; ಒಂದು ಕಣ್ಣಿನ ಉಳಿದ ಪ್ರಕರಣಗಳಲ್ಲಿ ಸುಮಾರು ಎರಡು ವರ್ಷ.