ಕುಟುಂಬದ ಕಸುಬು, ವರ್ಗದ ಲೆಕ್ಕ

1962ರ ಸೆಪ್ಟೆಂಬರಿನಲ್ಲಿ ಬಾಲಾಜಿ ಪ್ರಕರಣದ ತೀರ್ಪಿನೊಂದಿಗೆ ಮೈಸೂರು ಸರ್ಕಾರದ ಶೇ 68ರ ಮೀಸಲಾತಿ ಬಿದ್ದುಹೋಯಿತು. ಹಿಂದುಳಿದವರನ್ನು ಗುರುತಿಸಲು ಜಾತಿಯೊಂದೇ ಅಳತೆಗೋಲಾಗದು ಎಂದಿತ್ತು ಸುಪ್ರೀಂ ಕೋರ್ಟು. 1963ರ ಜುಲೈ 26ರಂದು ಹೊರಟ ಹೊಸ ಆದೇಶ ಇನ್ನೊಂದು ತುದಿಗೆ ಹೋಯಿತು. ಹಿಂದುಳಿದ ವರ್ಗದ ವ್ಯಾಖ್ಯೆಯಿಂದ ಜಾತಿಯನ್ನೇ ಕೈಬಿಟ್ಟು, ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿ ಮೀರಬಾರದು, ಕಸುಬು ಐದರಲ್ಲೊಂದಾಗಿರಬೇಕು ಎಂದಿತು: ಸ್ವಂತ ಉಳುಮೆ, ಕುಶಲಕರ್ಮ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಇತರ ಮೈಗೆಲಸ. ವೃತ್ತಿಶಿಕ್ಷಣ ಕಾಲೇಜುಗಳ ಶೇ 30 ಸೀಟುಗಳು ಈ ಲೆಕ್ಕದ ಮೇಲೆ ಹಂಚಿಕೆಯಾಗಬೇಕಿತ್ತು. 1964ರ ಚಿತ್ರಲೇಖಾ ತೀರ್ಪಿನಲ್ಲಿ ಈ ವರ್ಗೀಕರಣ ಊರ್ಜಿತವಾಯಿತು.

ಅಪ್ಪನ ಕಸುಬಿನಿಂದ ಮನೆಯ ವರ್ಗ ಹೇಳುವ ಪದ್ಧತಿ ದೇಶದ ಹೊರಗೂ ಇತ್ತು. 1946ರ ಮಾರ್ಚಿನ ಒಂದು ವಾರದಲ್ಲಿ ಹುಟ್ಟಿದ ಮಕ್ಕಳ ಬೆನ್ನು ಹತ್ತಿದ ಬ್ರಿಟಿಷ್ ಅಧ್ಯಯನ 5,362 ಮಂದಿಯನ್ನು ಆರಿಸಿದ್ದೇ ತಂದೆಯ ಉದ್ಯೋಗ ನೋಡಿ. ನಮ್ಮಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಬಿ. ಕುಪ್ಪುಸ್ವಾಮಿಯವರ ಮಾಪಕ. ಕುಟುಂಬದ ಯಜಮಾನನ ಓದಿಗೆ 7, ಉದ್ಯೋಗಕ್ಕೆ 10, ಆದಾಯಕ್ಕೆ 12, ಒಟ್ಟು 29 ಅಂಕ. ರೈತನಿಗೆ ಗುಮಾಸ್ತ, ಅಂಗಡಿ ಮಾಲೀಕರ ಸಾಲಿನಲ್ಲಿ 5. ಇದು ನಗರಕ್ಕೆಂದು ಮಾಡಿದ ಮಾಪಕ ಎಂಬುದನ್ನು ಬಳಸುವವರು ಆಗಾಗ ಮರೆಯುತ್ತಾರೆ.

ಕುಣಿಗಲ್ ತಾಲ್ಲೂಕಿನ ಅಮೃತೂರಿನಂಥ ಹೋಬಳಿಗೆ ಇದೇ ಕೋಲು ಹಿಡಿದು ಹೋದರೆ ತೊಡಕು ಕಾಣುತ್ತದೆ. ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ ಹತ್ತಿರದಲ್ಲೇ ಇದೆ. ನಾಲೆ ನೀರಿನ ಗದ್ದೆ, ತೆಂಗಿನ ತೋಟ ಉಳ್ಳವನೂ ರೈತ. ಮಳೆ ನಂಬಿ ಬೆದ್ದಲಿನಲ್ಲಿ ರಾಗಿ ಬಿತ್ತುವವನೂ ರೈತ. ಇನ್ನೊಬ್ಬರ ಹೊಲವನ್ನು ವಾರಕ್ಕೆ ಮಾಡುವವನೂ ರೈತನೇ. ಪಹಣಿ ಇವರನ್ನು ಬೇರ್ಪಡಿಸೀತು, ಉದ್ಯೋಗದ ಕಾಲಂ ಬೇರ್ಪಡಿಸದು.

ಕಾಲ ಸೇರಿದರೆ ಗೋಜಲು ಇನ್ನೂ ಹೆಚ್ಚು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು; ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಅರ್ಜಿ ಗೆದ್ದ ಮನೆಯ ಸ್ಥಾನಮಾನ ಒಂದೇ ತಲೆಮಾರಿನಲ್ಲಿ ಬದಲಾಯಿತು. ಆದರೆ ಕಸುಬು? ಮೊದಲೂ ವ್ಯವಸಾಯ, ಆಮೇಲೂ ವ್ಯವಸಾಯ.

ಹೆಂಗಸರ ದುಡಿಮೆಯ ಕಥೆ ಇದಕ್ಕೆ ತಿರುಗುಮುರುಗು. 1971ರ ಜನಗಣತಿ ‘ಮುಖ್ಯ ಚಟುವಟಿಕೆ’ ಯಾವುದೆಂದು ಕೇಳಿದ್ದೇ ತಡ, ದೇಶದಲ್ಲಿ ದುಡಿಯುವ ಮಹಿಳೆಯರ ಪ್ರಮಾಣ 1961ಕ್ಕಿಂತ ಸುಮಾರು ಅರ್ಧಕ್ಕಿಳಿಯಿತು. ನಾಟಿ, ಕಳೆ, ಕೊಯ್ಲು ಯಾವುದೂ ನಿಂತಿರಲಿಲ್ಲ. ಪ್ರಶ್ನೆ ಬದಲಾಗಿತ್ತು, ಅಷ್ಟೆ.

ಪಕ್ಕದ ಮಂಡ್ಯ ಜಿಲ್ಲೆಯಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954–56ರಲ್ಲಿ ಮಾಡಿದ ಅಧ್ಯಯನ ಈ ಸಮಸ್ಯೆಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ನಾಲೆ ನೀರು ಬಂದ ವಂಗಲದಲ್ಲಿ ಕಬ್ಬು ಬೆಳೆದು ಹಣ ಬಂತು, ಜನ ಬೇಸಾಯದಲ್ಲೇ ಉಳಿದರು. ನೀರು ಹತ್ತದ ದಾಲೇನದವರು ಮಂಡ್ಯ ಪೇಟೆಯತ್ತ ಹೊರಳಿ ನೌಕರಿ, ವ್ಯಾಪಾರ, ಗಾಡಿ ಬಾಡಿಗೆ ಹಿಡಿದರು. ಬರೀ ಕಸುಬಿನ ಪಟ್ಟಿ ನೋಡುವವನಿಗೆ ಬದಲಾದದ್ದು ದಾಲೇನ ಮಾತ್ರ. 1970ರಲ್ಲಿ ಎಪ್‌ಸ್ಟೈನ್ ಮತ್ತೆ ಬಂದು ಎರಡೂ ಹಳ್ಳಿಗಳನ್ನು ನೋಡಿದರು. 1973ರ ಅವರ ಪುಸ್ತಕ ಹುಟ್ಟಿದ್ದು ಆ ಮರುಭೇಟಿಯಿಂದ. ದೀರ್ಘಕಾಲದ ಅಧ್ಯಯನಕ್ಕೆ ಬೇಕಾದದ್ದು ಇಂಥ ಮರುಭೇಟಿ, ಪ್ರತಿ ಸಲವೂ ಕಸುಬಿನ ಜೊತೆಗೆ ನೆಲ, ನೀರು, ಗೇಣಿ, ಊರು ಬಿಟ್ಟು ದುಡಿಯುವವರು ಕಳಿಸುವ ಹಣ, ಇಷ್ಟನ್ನೂ ಕೇಳುವ ಪ್ರಶ್ನಾವಳಿ.