ಡ್ರಮ್ಮಿನ ಮರದ ಕವಚ: ದುರಸ್ತಿ
ಹಳೆಯ ಡ್ರಮ್ಮಿನ ಹಾಳಾದ ಮರದ ಕವಚವನ್ನು ಬದಲಿಸದೆ ಉಳಿಸಿಕೊಳ್ಳುವ ಕುಶಲ ಮರಗೆಲಸ. 1960ರ ದಶಕದ ಅಮೆರಿಕದ ಲುಡ್ವಿಗ್ ಡ್ರಮ್ಮುಗಳ ಕವಚ ಸಾಮಾನ್ಯವಾಗಿ ಮೂರು ತೆಳು ಪದರಗಳದ್ದು, ಎರಡೂ ಅಂಚಿನ ಒಳಗೆ ಮೇಪಲ್ ಮರದ ಬಳೆ ಇರುತ್ತದೆ. ತೇವ ತಗುಲಿದರೆ ಹೆಚ್ಚಾಗಿ ಮೊದಲು ಬಿಡುವುದು ಪದರಗಳ ನಡುವಿನ ಅಂಟೇ. ಹಾಗಾಗಿ ಬಿಟ್ಟ ಜಾಗಕ್ಕೆ ಹೊಸ ಅಂಟು ಊಡಿ, ದುಂಡು ಕೆಡದಂತೆ ಕ್ಲಾಂಪಿನಲ್ಲಿ ಬಿಗಿದು ಒಣಗಿಸಿದರೆ ಅಂಥ ಹಾನಿ ಸರಿಹೋಗುತ್ತದೆ. ಚೂರು ಕಳೆದುಹೋದ ಕಡೆ ಅದೇ ಜಾತಿಯ ಮರವನ್ನು ಎಳೆಯ ದಿಕ್ಕು ನೋಡಿ ಕೂರಿಸಬೇಕು. ಹೊಸ ಕವಚ ಇನ್ನೂ ಗಟ್ಟಿಯಲ್ಲವೇ ಎಂಬ ಆಕ್ಷೇಪವಿದೆ. ಗಟ್ಟಿ ಇರಬಹುದು, ಆದರೆ ದಪ್ಪ, ಬಳೆ, ಅಂಚಿನ ಇಳಿಜಾರು ಬದಲಾದರೆ ನಾದವೂ ಬದಲಾಗುತ್ತದೆ. ಅಂಟು ನಾದವನ್ನು ಕುಗ್ಗಿಸುತ್ತದೆಂಬ ಭಯಕ್ಕೆ ಆಧಾರ ಸಾಲದು. ಆ ಕವಚ ಮೊದಲಿಗೆ ರೂಪುಗೊಂಡದ್ದೇ ಅಂಟಿನಿಂದ. ಅಂಚನ್ನು ಅವಸರದಲ್ಲಿ ಉಜ್ಜುವುದು ಇದಕ್ಕಿಂತ ದೊಡ್ಡ ಅಪಾಯ, ಏಕೆಂದರೆ ಅಂಚು ಏರುಪೇರಾದರೆ ಬಾರಿಸುವ ಹೊದಿಕೆ ಸಮವಾಗಿ ಕೂರದೆ ಶ್ರುತಿ ಕೂಡುವುದು ಕಷ್ಟವಾಗುತ್ತದೆ.